ಅಪ್ಪನ ಉಗುರಿನ ಮಾತ್ರೆ ಮಗಳಿಗೆ ಆಗುತ್ತದಾ?

ಪ್ರಶ್ನೆ: ನಾನು ಶಿಡ್ಲಘಟ್ಟದವಳು, ವಯಸ್ಸು 36. ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ಹತ್ತು ವರ್ಷದಿಂದ ಗೂಡು ನೆನೆಸುವ ಬಿಸಿನೀರಿನ ಬೇಸಿನ್ ಮುಂದೆ ಕೂತು ಕೆಲಸ ಮಾಡುತ್ತಿದ್ದೇನೆ. ಎರಡು ವರ್ಷದಿಂದ ಬಲಗೈಯ ಮೂರು ಬೆರಳುಗಳಲ್ಲಿ ಉಗುರಿನ ಬುಡ ಊದಿಕೊಂಡಿದೆ. ಉಗುರು ಏರುಪೇರಾಗಿ ಕಂದು ಬಣ್ಣಕ್ಕೆ ತಿರುಗಿದೆ. ತವರಿನಲ್ಲಿ ಅಪ್ಪ ಹುಳ ಸಾಕುತ್ತಾರೆ. ಅವರಿಗೆ 61 ವರ್ಷ, ಸಕ್ಕರೆ ಕಾಯಿಲೆ ಇದೆ. ಎರಡೂ ಕಾಲಿನ ಹೆಬ್ಬೆರಳ ಉಗುರು ಹಳದಿಯಾಗಿ ದಪ್ಪಗಾಗಿದೆ. ಡಾಕ್ಟರು ಪರೀಕ್ಷೆ ಮಾಡಿಸಿ, ಫಂಗಸ್ ಎಂದು ಹೇಳಿ, ಟರ್ಬಿನಾಫಿನ್ 250 ಮಾತ್ರೆ ಮೂರು ತಿಂಗಳಿಗೆ ಬರೆದಿದ್ದಾರೆ. ಒಂದು ತಿಂಗಳು ನುಂಗಿದರೂ ಉಗುರು ಹಾಗೇ ಇದೆ. ನಿಲ್ಲಿಸಿ ಬೇರೆ ಔಷಧ ನೋಡಬೇಕಾ? ಅದೇ ಮಾತ್ರೆ ನಾನೂ ತಗೊಳ್ಳಬಹುದಾ? ಯಾರಿಗಾದರೂ ಬಡಿಸುವಾಗ ಕೈ ಮುಚ್ಚಿಕೊಳ್ಳುವ ಹಾಗಾಗಿದೆ. ಇನ್ನು ಎರಡು ತಿಂಗಳಿಗೆ ತಂಗಿಯ ಮದುವೆ. ಗೋರಂಟಿ ಹಾಕಿಸಿಕೊಳ್ಳಬಹುದಾ?

ಉತ್ತರ: ಮೊದಲು ಎರಡು ಮಾತು ನೇರವಾಗಿ ಹೇಳಿಬಿಡುತ್ತೇನೆ. ಅಪ್ಪ ಮಾತ್ರೆ ನಿಲ್ಲಿಸಬಾರದು. ನೀವು ಅದನ್ನು ಶುರು ಮಾಡಬಾರದು. ಇಬ್ಬರದೂ ಉಗುರಿನ ತೊಂದರೆಯೇ ಆದರೂ, ನೀವು ಬರೆದಿರುವುದನ್ನು ನೋಡಿದರೆ ಎರಡೂ ಬೇರೆ ಬೇರೆ ಕಾಯಿಲೆ.

ಅಪ್ಪನ ಉಗುರಿನಿಂದ ಶುರು ಮಾಡೋಣ. ಕಾಲುಗುರಿಗೆ ಬರುವ ಫಂಗಸ್‌ನಲ್ಲಿ ಹೆಚ್ಚಾಗಿ ಕಾಣುವುದು ಟ್ರೈಕೊಫೈಟಾನ್ ರೂಬ್ರಮ್ ಎಂಬ ಜಾತಿ. ಅದು ತಿನ್ನುವುದು ಕೆರಾಟಿನ್. ನಮ್ಮ ಉಗುರು, ಕೂದಲು, ಚರ್ಮದ ಮೇಲ್ಪದರ ಎಲ್ಲವೂ ಕೆರಾಟಿನ್‌ನಿಂದಲೇ ಆಗಿವೆ. ಸಾಮಾನ್ಯವಾಗಿ ಅದು ಮೊದಲು ಬರುವುದು ಉಗುರಿಗಲ್ಲ, ಪಾದಕ್ಕೆ. ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗಾಗಿ ಬಿರಿಯುತ್ತದೆ, ಇಲ್ಲವೇ ಅಂಗಾಲು ಹಿಟ್ಟು ಉದುರುವ ಹಾಗೆ ಸುಲಿಯುತ್ತದೆ. ಯಾರೂ ಅದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಅಲ್ಲಿಂದ ನಿಧಾನವಾಗಿ ಉಗುರಿನ ತುದಿಯ ಕೆಳಗೆ ನುಗ್ಗಿ ಹಿಂದಕ್ಕೆ ಹರಡುತ್ತದೆ. ಉಗುರಿನ ಕೆಳಗೆ ಪುಡಿ ತುಂಬಿ ಉಗುರು ಮೇಲೇಳುತ್ತದೆ, ಹಳದಿಯಾಗುತ್ತದೆ, ದಪ್ಪಗಾಗುತ್ತದೆ. ಮೇಲಿನಿಂದ ಹಚ್ಚುವ ಸಾಮಾನ್ಯ ಮುಲಾಮು ಅಲ್ಲಿಗೆ ತಲುಪುವುದಿಲ್ಲ. ಟ್ಯೂಬ್ ಮೇಲೆ ಟ್ಯೂಬ್ ಖಾಲಿ ಮಾಡಿದವರಿಗೆ ಗುಣವಾಗದೆ ಇರುವುದು ಇದಕ್ಕೇ.

ಹುಳ ಸಾಕುವವರಿಗೆ ಫಂಗಸ್ ಹೊಸದಲ್ಲ. ಹುಳ ಸತ್ತು ಸುಣ್ಣದ ಹಾಗೆ ಬೆಳ್ಳಗೆ ಗಟ್ಟಿಯಾಗುವ ಸುಣ್ಣಕಟ್ಟು ರೋಗವೂ ಫಂಗಸ್‌ನಿಂದಲೇ ಬರುವುದು. ಜಾತಿ ಬೇರೆ, ಹುಳದ ಸುಣ್ಣಕಟ್ಟು ಅಪ್ಪನ ಉಗುರಿಗೆ ಅಂಟುವುದಿಲ್ಲ, ಆ ಭಯ ಬೇಡ. ಆದರೆ ಹುಳಕ್ಕೆ ಬಂದಾಗ ಅಪ್ಪ ಏನು ಮಾಡುತ್ತಾರೆ? ಹಾಸಿಗೆ ಒಣಗಿಸುತ್ತಾರೆ, ಗಾಳಿ ಆಡುವ ಹಾಗೆ ಮಾಡುತ್ತಾರೆ, ಸುಣ್ಣ ಉದುರಿಸುತ್ತಾರೆ. ಥಂಡಿ ಮತ್ತು ತೇವ ಇದ್ದರೆ ಔಷಧ ಒಂದೇ ಸಾಲದು ಎಂದು ಅವರಿಗೆ ಗೊತ್ತು. ಕಾಲಿಗೂ ಅದೇ ಲೆಕ್ಕ.

ಈಗ ಒಂದು ತಿಂಗಳಾದರೂ ಉಗುರು ಹಾಗೇ ಇದೆ ಎಂಬ ಮಾತು. ನನ್ನ ಹತ್ತಿರ ಬರುವವರಲ್ಲಿ ತುಂಬಾ ಜನ ಮಾತ್ರೆ ಅರ್ಧಕ್ಕೆ ಬಿಡುವುದು ಇದೇ ಕಾರಣಕ್ಕೆ. ಮಾತ್ರೆ ಹಾಳಾದ ಉಗುರನ್ನು ರಿಪೇರಿ ಮಾಡುವುದಿಲ್ಲ. ಅದು ಫಂಗಸ್ಸನ್ನು ಕೊಲ್ಲುತ್ತದೆ, ಅಷ್ಟೇ. ಹಳೇ ಉಗುರು ಮುಂದೆ ಸರಿದು, ಕತ್ತರಿಸಿ ಹೋಗಿ, ಹಿಂದಿನಿಂದ ಹೊಸ ಉಗುರು ಬರಬೇಕು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಕಾಲುಗುರು 1ರಿಂದ 1.5 ಮಿಲಿಮೀಟರ್ ಮಾತ್ರ. ವಯಸ್ಸಾದಂತೆ ಇನ್ನೂ ನಿಧಾನ. ಹಾಗಾಗಿ ಕಾಲಿನ ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಒಂದು ತಿಂಗಳಲ್ಲಿ ಅಪ್ಪನಿಗೆ ಬಂದಿರುವುದು ಒಂದು ರಾಗಿ ಕಾಳಿನಷ್ಟು ಅಗಲದ ಹೊಸ ಉಗುರು. ಅದೂ ಬುಡದಲ್ಲಿ, ಚರ್ಮದ ಅಂಚಿನಲ್ಲಿ. ದೂರದಿಂದ ಹೇಗೆ ಕಾಣಬೇಕು ಹೇಳಿ?

ಟರ್ಬಿನಾಫಿನ್ ಅನ್ನು ಕಾಲುಗುರಿಗೆ ದಿನಕ್ಕೆ 250 ಮಿಲಿಗ್ರಾಂನಂತೆ 12 ವಾರ ಕೊಡುತ್ತೇವೆ. ಕೈಯುಗುರಿಗಾದರೆ 6 ವಾರ. 12 ವಾರ ಮುಗಿದ ದಿನವೂ ಅಪ್ಪನ ಉಗುರಿನ ಹೆಚ್ಚಿನ ಭಾಗ ಹಳದಿಯಾಗಿಯೇ ಇರುತ್ತದೆ. ಗಾಬರಿ ಬೇಡ. ಮಾತ್ರೆ ನಿಲ್ಲಿಸಿದ ಮೇಲೂ ಔಷಧ ಉಗುರಿನೊಳಗೆ ಕೆಲವು ತಿಂಗಳು ಉಳಿದು ಕೆಲಸ ಮಾಡುತ್ತಲೇ ಇರುತ್ತದೆ. ನೋಡಬೇಕಾದದ್ದು ಉಗುರಿನ ತುದಿಯನ್ನಲ್ಲ, ಬುಡವನ್ನು. ಅಲ್ಲಿ ತೆಳ್ಳಗೆ, ನಸುಗೆಂಪಗೆ, ನಯವಾಗಿ ಹೊಸ ಉಗುರು ಇಣುಕಿದರೆ ಔಷಧ ಹಿಡಿದಿದೆ ಎಂದು ಅರ್ಥ. ಫೋನಿನಲ್ಲಿ ಇವತ್ತೇ ಒಂದು ಫೋಟೊ ತೆಗೆದಿಡಿ. ಪ್ರತಿ ತಿಂಗಳೂ ಅದೇ ಬೆಳಕಿನಲ್ಲಿ, ಅಷ್ಟೇ ದೂರದಿಂದ ಇನ್ನೊಂದು ತೆಗೆಯಿರಿ. ನಾಲ್ಕನೇ ತಿಂಗಳಿಗೆ ಎಲ್ಲ ಫೋಟೊ ಪಕ್ಕಪಕ್ಕ ಇಟ್ಟು ನೋಡಿ.

ಸುಳ್ಳು ಭರವಸೆ ಕೊಡುವುದು ನನಗೆ ಇಷ್ಟವಿಲ್ಲ. ಸರಿಯಾಗಿ ಮಾತ್ರೆ ತೆಗೆದುಕೊಂಡವರಲ್ಲೂ ಸುಮಾರು ಹತ್ತಕ್ಕೆ ಏಳು ಜನರಲ್ಲಿ ಫಂಗಸ್ ಹೋಗುತ್ತದೆ. ಉಗುರು ಪೂರ್ತಿ ಮೊದಲಿನ ಹಾಗೆ ಆಗುವುದು ಹತ್ತಕ್ಕೆ ನಾಲ್ಕು ಜನರಿಗೆ. ವರ್ಷಗಟ್ಟಲೆ ದಪ್ಪಗಿದ್ದ ಉಗುರು ಫಂಗಸ್ ಸತ್ತ ಮೇಲೂ ಸ್ವಲ್ಪ ಒರಟಾಗಿಯೇ ಉಳಿಯಬಹುದು. ಮತ್ತೆ ಬರುವವರೂ ಇದ್ದಾರೆ.

ಹಾಗಾದರೆ ಇಷ್ಟು ಕಷ್ಟ ಯಾಕೆ ಪಡಬೇಕು, ಸುಮ್ನೆ ಬಿಟ್ಟರೆ ಏನು ಎಂದು ಕೇಳುವವರಿದ್ದಾರೆ. ಬೇರೆಯವರಿಗಾದರೆ ಒಪ್ಪುತ್ತಿದ್ದೆನೇನೋ. ನಿಮ್ಮ ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಆ ಕಾಯಿಲೆ ಹಳೆಯದಾದಂತೆ ಕಾಲಿನ ಸ್ಪರ್ಶ ಮಂಕಾಗುತ್ತದೆ. ದಪ್ಪ ಉಗುರು ಚಪ್ಪಲಿಗೆ ಒತ್ತಿ ಕೆಳಗೆ ಗಾಯ ಮಾಡಿದರೂ ನೋವೇ ಗೊತ್ತಾಗುವುದಿಲ್ಲ. ಬಿರಿದ ಬೆರಳ ಸಂದಿಯಿಂದ ಬ್ಯಾಕ್ಟೀರಿಯಾ ಒಳಗೆ ಹೋಗಿ ಕಾಲು ಕೆಂಪಗೆ ಊದಿ ಜ್ವರ ಬರುತ್ತದೆ. ಇಂಥವರನ್ನು ನೋಡಿದಾಗಲೆಲ್ಲ ಉಗುರಿನ ಹಂತದಲ್ಲೇ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಸಂಕಟವಾಗುತ್ತದೆ. ಅಪ್ಪನ ಉಗುರನ್ನು ಬ್ಲೇಡಿನಿಂದ ಕೆತ್ತಲು ಬಿಡಬೇಡಿ. ಸ್ನಾನವಾದ ಮೇಲೆ ಮೆತ್ತಗಾಗಿರುವಾಗ ನೇರವಾಗಿ ಕತ್ತರಿಸಿ, ಮೂಲೆಗಳನ್ನು ಆಳಕ್ಕೆ ಕೊರೆಯಬೇಡಿ. ತುಂಬಾ ದಪ್ಪವಿದ್ದರೆ 40 ಪರ್ಸೆಂಟ್ ಯೂರಿಯಾ ಇರುವ ಮುಲಾಮು ಹಚ್ಚಿ ಮೆತ್ತಗೆ ಮಾಡಿ ತೆಗೆಯುವ ದಾರಿ ಇದೆ. ಅದನ್ನು ಡಾಕ್ಟರ ಕೈಯಲ್ಲೇ ಮಾಡಿಸಿ.

ಮಾತ್ರೆಯ ಬಗ್ಗೆಯೂ ಎಚ್ಚರ ಬೇಕು. ಶುರು ಮಾಡುವ ಮೊದಲು ಲಿವರ್ ಪರೀಕ್ಷೆ ಮಾಡಿಸಿದ್ದಾರಾ ಕೇಳಿ. ಮಾಡಿಸಿಲ್ಲವೆಂದರೆ ಈಗ ಮಾಡಿಸಿ. ಊಟ ಸೇರದಿರುವುದು, ವಾಕರಿಕೆ, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಕಣ್ಣು ಹಳದಿಯಾಗುವುದು ಕಂಡರೆ ಅಂದೇ ಮಾತ್ರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು. ಅಪರೂಪಕ್ಕೆ ಕೆಲವರಿಗೆ ನಾಲಿಗೆಯ ರುಚಿ ಹೋಗುತ್ತದೆ. ಸಾರಿಗೆ ಉಪ್ಪೇ ಇಲ್ಲ ಎಂದು ಅಪ್ಪ ದಿನವೂ ಹೇಳತೊಡಗಿದರೆ ಅಮ್ಮನ ಅಡುಗೆಯನ್ನು ಅನ್ನಬೇಡಿ, ಡಾಕ್ಟರಿಗೆ ತಿಳಿಸಿ.

ನನಗೆ ಹೆಚ್ಚು ಭಯ ಇರುವುದು ನೀವು ಬರೆದ ಆ "ಬೇರೆ ಔಷಧ"ದ ಬಗ್ಗೆ. ಮೆಡಿಕಲ್ ಶಾಪಿನಲ್ಲಿ ಫಂಗಸ್‌ಗೆ ಎಂದು ಕೇಳಿದರೆ ವಾರಕ್ಕೊಂದು ಫ್ಲುಕೊನಜೋಲ್ ಮಾತ್ರೆ ಕೊಡುವುದುಂಟು. ಅಪ್ಪ ಸಕ್ಕರೆಗೆ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ನುಂಗುತ್ತಿದ್ದರೆ, ಫ್ಲುಕೊನಜೋಲ್ ಅದರ ಶಕ್ತಿಯನ್ನು ಹೆಚ್ಚಿಸಿ ಸಕ್ಕರೆ ತೀರಾ ಕೆಳಗೆ ಬೀಳಬಹುದು. ತೋಟದಲ್ಲಿ ಸೊಪ್ಪು ಕೊಯ್ಯುವಾಗ ಬೆವರಿ ತಲೆ ಸುತ್ತಿ ಬಿದ್ದರೆ ಯಾರಿಗೆ ಗೊತ್ತಾಗುತ್ತದೆ? ಇನ್ನೊಂದು ಇಟ್ರಕೊನಜೋಲ್. ಒಳ್ಳೆಯ ಔಷಧವೇ, ತಿಂಗಳಿಗೆ ಒಂದು ವಾರದಂತೆ ಕೊಡುವ ಕ್ರಮವೂ ಇದೆ. ಆದರೆ ಹೃದಯದ ಬಲ ಕುಗ್ಗಿದವರಿಗೆ ಅದು ಆಗುವುದಿಲ್ಲ. ಕೊಲೆಸ್ಟರಾಲ್‌ಗೆ ಕೊಡುವ ಕೆಲವು ಮಾತ್ರೆಗಳ ಜೊತೆಗೂ ಆಗುವುದಿಲ್ಲ. ಅಪ್ಪ ನುಂಗುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಬಾಯಲ್ಲಿ ಹೇಳುವುದಕ್ಕಿಂತ ಅದು ವಾಸಿ.

ಮಾತ್ರೆ ಆಗದವರಿಗೆ ಉಗುರಿಗೆ ಬಣ್ಣದ ಹಾಗೆ ಹಚ್ಚುವ ಅಮೊರಾಲ್ಫಿನ್ ಇದೆ. ವಾರಕ್ಕೆ ಒಂದೆರಡು ಸಲ, ಕಾಲುಗುರಿಗೆ ಒಂಬತ್ತು ತಿಂಗಳಿಂದ ಒಂದು ವರ್ಷ ಹಚ್ಚಬೇಕು. ಉಗುರಿನ ತುದಿ ಮಾತ್ರ ಹಾಳಾಗಿದ್ದರೆ ಅದು ಕೆಲಸ ಮಾಡುತ್ತದೆ. ಬುಡದವರೆಗೆ ಹೋಗಿದ್ದರೆ ಅದೊಂದೇ ಸಾಲದು. ಬೆಂಗಳೂರಿನ ಲೇಸರ್ ಜಾಹೀರಾತು ನೋಡಿ ಸಾಲ ಮಾಡಿ ಹೋಗುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ. ಅಷ್ಟು ದುಡ್ಡಿಗೆ ತಕ್ಕ ಆಧಾರ ಅದಕ್ಕೆ ಇನ್ನೂ ಇಲ್ಲ.

ಈಗ ನಿಮ್ಮ ಕೈ.

ನೀವು ಬರೆದ ಮೂರು ಮಾತು ನನಗೆ ಮುಖ್ಯ. ಬುಡ ಊದಿದೆ. ಕೈಬೆರಳು. ಹತ್ತು ವರ್ಷದ ಬೇಸಿನ್ ಕೆಲಸ. ಅಪ್ಪನ ಕಾಯಿಲೆ ಉಗುರಿನ ತುದಿಯಿಂದ ಹಿಂದಕ್ಕೆ ಹೋಗುವಂಥದ್ದು. ನಿಮ್ಮದು ಬುಡದಲ್ಲಿ ಶುರುವಾಗಿ ಉಗುರನ್ನು ಕೆಡಿಸುತ್ತಿದೆ. ಇದನ್ನು ಹಳೇ ಉಗುರುಸುತ್ತು ಎನ್ನಬಹುದು. ಒಂದೇ ರಾತ್ರಿಯಲ್ಲಿ ಕೀವು ತುಂಬಿ ನೋವಿನಿಂದ ಸಿಡಿಯುವ ಉಗುರುಸುತ್ತು ಬೇರೆ. ಇದು ತಿಂಗಳುಗಟ್ಟಲೆ ಊದುತ್ತದೆ, ಇಳಿಯುತ್ತದೆ, ಮತ್ತೆ ಊದುತ್ತದೆ.

ಉಗುರಿನ ಬುಡದಲ್ಲಿ ಚರ್ಮ ಮತ್ತು ಉಗುರನ್ನು ಅಂಟಿಸಿ ಹಿಡಿದ ಒಂದು ತೆಳು ಪೊರೆ ಇರುತ್ತದೆ. ಮನೆಯ ಬಾಗಿಲಿಗೆ ಹೊಸ್ತಿಲಿದ್ದ ಹಾಗೆ. ಮಳೆ ನೀರು ಒಳಗೆ ಬರದಂತೆ ಅದು ತಡೆಯುತ್ತದೆ. ದಿನಕ್ಕೆ ಎಂಟು ಗಂಟೆ ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿ ಹುಡುಕುವವರಲ್ಲಿ ಆ ಪೊರೆ ನೆನೆದು ಕಳಚಿಹೋಗುತ್ತದೆ. ಗೂಡಿನಿಂದ ಬಿಡುವ ಅಂಟು, ಹುಳದ ರಸ, ಎಲ್ಲ ಸೇರಿದ ಆ ನೀರು ಸಂದಿಯೊಳಗೆ ಇಳಿಯುತ್ತದೆ. ಚರ್ಮ ಉರಿದು ಊದುತ್ತದೆ. ಆಮೇಲೆ ಅಲ್ಲಿ ಕ್ಯಾಂಡಿಡಾ ಎಂಬ ಇನ್ನೊಂದು ಜಾತಿಯ ಫಂಗಸ್ ಬಂದು ಸೇರಿಕೊಳ್ಳಬಹುದು. ಅಂದರೆ ಮೂಲ ನೀರು. ಫಂಗಸ್ ಆಮೇಲೆ ಬಂದ ನೆಂಟ. ಹೋಟೆಲಿನಲ್ಲಿ ಪಾತ್ರೆ ತೊಳೆಯುವವರಲ್ಲೂ, ಹೊತ್ತು ಹೊತ್ತಿಗೆ ಹಸು ಮೈ ತೊಳೆದು ಹಾಲು ಕರೆಯುವವರಲ್ಲೂ ಇದೇ ಕೈ ನೋಡಿದ್ದೇನೆ.

ಅಪ್ಪನ ಟರ್ಬಿನಾಫಿನ್ ನಿಮಗೆ ಯಾಕೆ ಬೇಡ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಕ್ಯಾಂಡಿಡಾ ಮೇಲೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಕ್ಯಾಂಡಿಡಾಗೆ ಸರಿಯಾದ ಮಾತ್ರೆ ಕೊಟ್ಟರೂ ಕೈ ನೀರಿನಲ್ಲೇ ಇದ್ದರೆ ಊತ ಹೋಗುವುದಿಲ್ಲ. ಹಳೇ ಉಗುರುಸುತ್ತಿಗೆ ಎಷ್ಟೋ ಸಲ ಫಂಗಸ್ ಔಷಧಕ್ಕಿಂತ ಕೆಲವು ವಾರ ಬುಡಕ್ಕೆ ಹಚ್ಚುವ ಸ್ಟೀರಾಯ್ಡ್ ಮುಲಾಮೇ ಚೆನ್ನಾಗಿ ಕೆಲಸ ಮಾಡುತ್ತದೆ.

ಈ ಮಾತು ಬರೆಯುವಾಗ ನನ್ನ ಕೈ ಸ್ವಲ್ಪ ಹಿಂಜರಿಯಿತು. ಯಾಕೆಂದರೆ ಅದೇ ಸ್ಟೀರಾಯ್ಡ್ ಮುಲಾಮು ನಮ್ಮ ಕಡೆ ಮಾಡಿರುವ ಹಾನಿ ಅಷ್ಟಿಷ್ಟಲ್ಲ. ತೊಡೆ ಸಂದಿಯ ಹುಳುಕಡ್ಡಿಗೆ ಕ್ಲೊಬೆಟಾಸಾಲ್ ಎಂಬ ಸ್ಟೀರಾಯ್ಡ್ ಬೆರೆಸಿದ ಟ್ಯೂಬು ಹಚ್ಚಿದರೆ ಎರಡು ದಿನಕ್ಕೆ ತುರಿಕೆ ನಿಲ್ಲುತ್ತದೆ, ಫಂಗಸ್ ಮಾತ್ರ ಒಳಗೊಳಗೇ ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಈಗ ದೇಶದ ತುಂಬ ಹರಡಿರುವ, ಟರ್ಬಿನಾಫಿನ್‌ಗೂ ಬಗ್ಗದ ಹುಳುಕಡ್ಡಿಯ ಫಂಗಸ್‌ಗೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ಇಂಡಿಯಾ ಇದೆ. ನೋವಾಗುತ್ತದೆ, ಅಲ್ವಾ? ಹಾಗಾಗಿ ನಿಮ್ಮ ಬೆರಳಿಗೆ ಆ ಮುಲಾಮು ಬೇಕೋ ಬೇಡವೋ ಎಂಬುದನ್ನು ಕೈ ಹಿಡಿದು ನೋಡಿದ ಚರ್ಮದ ಡಾಕ್ಟರೇ ಹೇಳಬೇಕು. ಎಷ್ಟು ದಿನ ಎಂಬುದನ್ನೂ ಅವರೇ ಹೇಳಬೇಕು. ಅದನ್ನು ಮನೆಯಲ್ಲಿ ಬೇರೆಯವರ ತುರಿಕೆಗೆ ಕೊಡಬೇಡಿ.

ಪರೀಕ್ಷೆ ಇಲ್ಲದೆ ಮಾತ್ರೆ ಬೇಡ ಎಂದು ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣ ಇದೆ. ನೋಡಲು ಫಂಗಸ್ ಹಾಗೇ ಕಾಣುವ ಉಗುರುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ನಿಜವಾಗಿ ಫಂಗಸ್. ಉಳಿದದ್ದು ಸೋರಿಯಾಸಿಸ್ ಎಂಬ ಚರ್ಮರೋಗ ಇರಬಹುದು, ಬಿಗಿ ಶೂ ಒತ್ತಿದ್ದಿರಬಹುದು, ಹಳೇ ಪೆಟ್ಟಿರಬಹುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಕಣ್ಣಂದಾಜಿನಲ್ಲೇ ಬರೆದುಕೊಟ್ಟಿದ್ದೇನೆ. ಮೂರು ತಿಂಗಳು ಮಾತ್ರೆ ನುಂಗಿದ ಒಬ್ಬ ಅಜ್ಜಿಗೆ ಕೊನೆಗೆ ಗೊತ್ತಾಗಿದ್ದು ಸೋರಿಯಾಸಿಸ್ ಎಂದು. ಆ ಮೇಲೆ ಪರೀಕ್ಷೆ ಮಾಡಿಸದೆ ಬರೆದಿಲ್ಲ.

ಪರೀಕ್ಷೆ ದೊಡ್ಡದೇನಲ್ಲ. ಉಗುರಿನ ಚೂರು, ಅದರ ಕೆಳಗಿನ ಪುಡಿ ಕೆರೆದು ತೆಗೆದು, ಕೆಒಎಚ್ ಎಂಬ ದ್ರಾವಣದಲ್ಲಿ ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಫಂಗಸ್ ಇದ್ದರೆ ಎಳೆ ಎಳೆಯಾಗಿ ಕಾಣುತ್ತದೆ. ಯಾವ ಜಾತಿ ಎಂದು ತಿಳಿಯಲು ಅದನ್ನೇ ಬೆಳೆಸಿಯೂ ನೋಡುತ್ತಾರೆ, ಅದಕ್ಕೆ ನಾಲ್ಕು ವಾರದವರೆಗೆ ಹಿಡಿಯುತ್ತದೆ. ಇದು ಅಪ್ಪನಿಗೆ ಚೆನ್ನಾಗಿ ಅರ್ಥವಾಗುವ ವಿಷಯ. ರೇಷ್ಮೆ ಮೊಟ್ಟೆ ತಯಾರಿಸುವ ಕಡೆ ತಾಯಿ ಚಿಟ್ಟೆಯನ್ನು ಅರೆದು, ಮೊಟ್ಟೆಯ ಮೂಲಕ ಮರಿಹುಳಕ್ಕೂ ಹೋಗುವ ಗಂಟು ರೋಗ ಇದೆಯಾ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೇ ಮೊಟ್ಟೆ ಕೊಡುವುದು. ಕಣ್ಣಂದಾಜಿನ ಮೊಟ್ಟೆಯನ್ನು ಅವರು ತರುವುದಿಲ್ಲ. ಉಗುರಿಗೂ ಅಷ್ಟು ಮರ್ಯಾದೆ ಕೊಡೋಣ. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಕೋಲಾರದ ಕಡೆ ಹೋಗುವುದಿದ್ದರೆ ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಯ ಚರ್ಮರೋಗ ವಿಭಾಗವೂ ಇದೆ. ಹೋಗುವ ಮೊದಲು ಉಗುರಿಗೆ ಯಾವ ಮುಲಾಮನ್ನೂ ಹಚ್ಚಿರಬೇಡಿ, ಉಗುರನ್ನು ತೀರಾ ಕತ್ತರಿಸಿಯೂ ಇರಬೇಡಿ. ಕೆರೆಯಲು ಅವರಿಗೆ ಸ್ವಲ್ಪ ಉಳಿಸಿ.

ನೀವು ಬರೆದ ಬಣ್ಣ ಕಂದು. ಅದು ಹಸಿರಾಗಿದ್ದರೆ ಫಂಗಸ್ ಅಲ್ಲ, ಒದ್ದೆ ಕೈಗೆ ಬರುವ ಒಂದು ಬ್ಯಾಕ್ಟೀರಿಯಾ. ಒಂದೇ ಉಗುರಿನಲ್ಲಿ ಬುಡದಿಂದ ತುದಿಗೆ ಕಪ್ಪು ಗೆರೆ ಹೊಸದಾಗಿ ಮೂಡಿ ಅಗಲವಾಗುತ್ತಿದ್ದರೆ ಮಾತ್ರ ಒಂದು ವಾರವೂ ಕಾಯಬೇಡಿ. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರುತ್ತದೆ.

ಕೆಲಸ ಬಿಡಿ ಎಂದು ನಾನು ಹೇಳುವುದಿಲ್ಲ. ಬೇಸಿನ್ ನಿಂತರೆ ಮನೆ ನಿಲ್ಲುತ್ತದೆ ಎಂದು ಗೊತ್ತು. ರಬ್ಬರ್ ಗ್ಲೌಸ್ ಹಾಕಿಕೊಳ್ಳಿ ಎಂದು ಹೇಳುವುದು ಸುಲಭ. ಗ್ಲೌಸ್ ಹಾಕಿದ ಬೆರಳಿಗೆ ಎಳೆ ಸಿಗುವುದಿಲ್ಲ ಎಂದು ನಿಮ್ಮಂಥವರೇ ನನಗೆ ಹೇಳಿಕೊಟ್ಟಿದ್ದಾರೆ. ಹಾಗಾಗಿ ಆಗುವಷ್ಟು ಮಾಡೋಣ. ಬೇಸಿನ್ ಮುಂದೆ ಗ್ಲೌಸ್ ಬೇಡ, ಆದರೆ ಪಾತ್ರೆ, ಬಟ್ಟೆ, ನೆಲ ಒರೆಸುವಾಗ ಇರಲಿ. ಒಳಗೆ ತೆಳು ಹತ್ತಿಯ ಗ್ಲೌಸ್, ಮೇಲೆ ರಬ್ಬರಿನದು. ಬರೀ ರಬ್ಬರ್ ಹಾಕಿದರೆ ಒಳಗೇ ಬೆವರುತ್ತದೆ. ಬೇಸಿನ್‌ಗೆ ಕೂರುವ ಮೊದಲು ಬೆರಳ ಬುಡಕ್ಕೆ ವ್ಯಾಸಲಿನ್ ದಪ್ಪಗೆ ಹಚ್ಚಿ. ನಡುವೆ ಎದ್ದಾಗಲೆಲ್ಲ ಕೈ ಒರೆಸಿ ಪೂರ್ತಿ ಒಣಗಿಸಿ ಮತ್ತೆ ಹಚ್ಚಿ. ಮನೆಯಲ್ಲಿ ಇನ್ನೊಬ್ಬರು ಇದ್ದರೆ ದಿನ ಬಿಟ್ಟು ದಿನ ಕೆಲಸ ಬದಲಾಯಿಸಿಕೊಳ್ಳಿ. ಅವರು ಬೇಸಿನ್, ನೀವು ಗೂಡು ಆರಿಸುವುದು, ನೂಲು ಸುತ್ತುವುದು. ಎರಡು ತಿಂಗಳು ಹೀಗೆ ನಡೆಸಿದರೆ ಆ ಹೊಸ್ತಿಲು ಮತ್ತೆ ಕಟ್ಟಿಕೊಳ್ಳುವ ಅವಕಾಶ ಸಿಗುತ್ತದೆ. ಬುಡದ ಪೊರೆಯನ್ನು ಕಡ್ಡಿಯಿಂದ ತಳ್ಳುವುದು, ಕೀಳುವುದು ಮಾಡಬೇಡಿ. ಬೆರಳಿಗೆ ನಿಂಬೆಹಣ್ಣು ಸಿಕ್ಕಿಸುವ ಪದ್ಧತಿ ಅಜ್ಜಿಯರ ಕಾಲದಿಂದ ಇದೆ. ನಿಮ್ಮಂಥ ಬಿರಿದ ಚರ್ಮಕ್ಕೆ ಅದು ಉರಿಯನ್ನೇ ಕೊಡುವುದು, ಬೇಡ. ಹುಳದ ಮನೆಗೆ ತಂದ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲು ನೆನೆಸುವ ಯೋಚನೆ ಅಪ್ಪನಿಗೆ ಇದ್ದರೆ ದಯವಿಟ್ಟು ತಡೆಯಿರಿ. ಸಕ್ಕರೆ ಇರುವ ಕಾಲಿಗೆ ಅದು ಸುಟ್ಟ ಗಾಯ ಮಾಡಬಹುದು.

ತವರಿಗೆ ಹೋದಾಗ ಇನ್ನೊಂದು ನೋಡಿ. ಹುಳದ ಮನೆಯ ಬಾಗಿಲಲ್ಲಿ ಒಳಗೆ ಹೋಗುವವರಿಗೆಂದು ಬೇರೆ ಚಪ್ಪಲಿ ಇಟ್ಟಿರುತ್ತಾರಲ್ಲ, ಹುಳದ ಒಳ್ಳೆಯದಕ್ಕೆ. ಎಲ್ಲರೂ ಅದೇ ಒದ್ದೆ ಚಪ್ಪಲಿಗೆ ಕಾಲು ಹಾಕಿದರೆ ಹುಳ ಉಳಿಯುತ್ತದೆ, ಕಾಲು ಉಳಿಯುವುದಿಲ್ಲ. ಅಪ್ಪನಿಗೆ ಬೇರೆ ಜೊತೆ ಇರಲಿ, ಬಿಸಿಲಿಗೆ ಒಣಗಲಿ. ಅಪ್ಪನ ನೈಲ್ ಕಟ್ಟರ್ ಅಪ್ಪನಿಗೆ ಮಾತ್ರ. ಬೆರಳ ಸಂದಿಯ ಬಿರುಕಿಗೆ ಡಾಕ್ಟರು ಮುಲಾಮು ಕೊಟ್ಟಿಲ್ಲದಿದ್ದರೆ ಕೇಳಿ ಪಡೆಯಿರಿ. ಸಂದಿಯಲ್ಲಿ ಉಳಿದ ಫಂಗಸ್ ಗುಣವಾದ ಉಗುರಿಗೆ ಮತ್ತೆ ಏರುತ್ತದೆ. ಮೂರು ತಿಂಗಳ ಮಾತ್ರೆ ದುಬಾರಿ ಎನಿಸಿದರೆ ಜನೌಷಧಿ ಕೇಂದ್ರದಲ್ಲಿ ಚೀಟಿ ತೋರಿಸಿ ಕೇಳಿ ನೋಡಿ, ಅರ್ಧಕ್ಕೆ ಬಿಡಬೇಡಿ.

ಬಡಿಸುವ ವಿಷಯ. ನಿಮ್ಮ ಕೈಯಿಂದ ಊಟ ಮಾಡಿದವರಿಗೆ ಈ ಕಾಯಿಲೆ ಬರುವುದಿಲ್ಲ. ಕೀವು ಸೋರುತ್ತಿದ್ದರೆ ಮಾತ್ರ ಆ ದಿನ ಬೇಡ. ಇಲ್ಲವಾದರೆ ಕೈ ತೊಳೆದು ಒರೆಸಿಕೊಂಡು ಬಡಿಸಿ, ಮುಚ್ಚಿಕೊಳ್ಳಬೇಡಿ ಅಮ್ಮ. ಹತ್ತು ವರ್ಷ ಸಂಸಾರವನ್ನು ನಡೆಸಿದ ಕೈ ಅದು.

ತಂಗಿಯ ಮದುವೆಗೆ ಗೋರಂಟಿ ಹಾಕಿಸಿಕೊಳ್ಳಿ. ಉಗುರಿನ ಚೂರು ಪರೀಕ್ಷೆಗೆ ಕೊಟ್ಟು ಬಂದ ಮೇಲೆ, ಊದಿದ ಬುಡ ಬಿಟ್ಟು, ಅಂಗೈಗೆ. ಮನೆಯ ಗಿಡದ ಸೊಪ್ಪು ಅರೆದದ್ದಾದರೆ ಒಳ್ಳೆಯದು. ಬೇಗ ಕಪ್ಪಗೆ ಹತ್ತುತ್ತದೆ ಎಂದು ಮಾರುವ ಕೋನ್ ಬೇಡ. ಅದರಲ್ಲಿ ಕೂದಲಿಗೆ ಹಚ್ಚುವ ಬಣ್ಣದ ರಾಸಾಯನಿಕ ಬೆರೆಸಿರುತ್ತಾರೆ, ಚರ್ಮ ಗುಳ್ಳೆ ಏಳುತ್ತದೆ. ಎರಡು ತಿಂಗಳಲ್ಲಿ ಉಗುರು ಪೂರ್ತಿ ಸರಿಯಾಗುವುದಿಲ್ಲ, ಅದಕ್ಕೆ ಆರು ತಿಂಗಳಾದರೂ ಬೇಕು. ಊತ ಮಾತ್ರ ಮದುವೆಯ ಹೊತ್ತಿಗೆ ಇಳಿದಿರಬಹುದು. ಈ ವಾರವೇ ಹೋಗಿ ತೋರಿಸಿ.